ಗುಡಿಸಲಿನ ಒಳಗೆ ಉರಿಯದ ಸ್ಟೋವು

ಆಗ ನನಗೆ ಇಪ್ಪತ್ತೆರಡು ವರ್ಷ. ಐವತ್ತು ವರ್ಷದ ಹಿಂದಿನ ಮಾತು. ಒಂದೆರಡು ವರ್ಷ ಹೆಚ್ಚುಕಡಿಮೆ ಇದ್ದೀತು, ಅದನ್ನು ಹಿಡಿದುಕೊಂಡು ಯಾರೂ ನನ್ನ ಜೊತೆ ವಾದಕ್ಕೆ ಬರಬೇಡಿ. ಆಲಮಟ್ಟಿಯಲ್ಲಿ ಅಣೆಕಟ್ಟಿನ ಕೆಲಸ ನಡೆದಿತ್ತು. ಹೊಳೆ ಇನ್ನೂ ಹೊಳೆಯಾಗಿಯೇ ಹರಿಯುತ್ತಿತ್ತು. ನಾನು ಹಸಿ ಬಾಣಂತಿ.

ಬಾಣಂತಿ ಎಂದರೆ ಮನೆಯಲ್ಲಿರಬೇಕು. ನಾನಿದ್ದದ್ದು ಹೊಳೆದಂಡೆಯ ಮೀನಿನ ಗುಡಿಸಲಿನಲ್ಲಿ. ನಮ್ಮ ಮನೆ ಕೊಲ್ಹಾರದ ಕಡೆಯ ಒಂದು ಹಳ್ಳಿಯಲ್ಲಿತ್ತು. ಆ ಮನೆಯಲ್ಲಿ ನನ್ನ ನೆಗೆಣ್ಣಿ, ಅಂದರೆ ಗಂಡನ ಅಣ್ಣನ ಹೆಂಡತಿ, ನನಗಿಂತ ಮೊದಲು ಹಡೆದಳು. ಒಂದೇ ಸೂರಿನ ಕೆಳಗೆ ಇಬ್ಬರು ಬಾಣಂತಿಯರು ಇರಬಾರದು, ಒಬ್ಬರ ಮುಖ ಒಬ್ಬರು ನೋಡಬಾರದು, ನೋಡಿದರೆ ಒಂದು ಕೂಸಿಗೆ ಕೇಡು ಎಂದು ನಮ್ಮಲ್ಲಿ ಕಟ್ಟಳೆ. ಮೊದಲು ಹಡೆದವಳಿಗೆ ಮನೆ. ನನ್ನ ತವರು ಮುದ್ದೇಬಿಹಾಳದ ಆಚೆ, ಅಲ್ಲಿ ಅವ್ವ ತೀರಿಕೊಂಡಿದ್ದಳು, ಅಪ್ಪ ಒಬ್ಬನೇ. ಗಂಡಸು ಬಾಣಂತನ ಮಾಡುತ್ತಾನೆಯೇ? ತುಂಬಿದ ಹೊಟ್ಟೆಯವಳನ್ನು ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ಕೂರಿಸಿ ಗುಡಿಸಲಿಗೆ ತಂದು ಇಳಿಸಿದರು. ಅಲ್ಲೇ ಹಡೆದೆ. ಹೆಣ್ಣು.

ಇದಕ್ಕೆ ಮೊದಲು ಒಂದು ಗಂಡು ಹುಟ್ಟಿ, ಮೂರು ತಿಂಗಳು ಬದುಕಿ, ಹೋಗಿತ್ತು. ಏನಾಗಿ ಹೋಯಿತು ಎಂದು ಯಾರಿಗೂ ಗೊತ್ತಾಗಲಿಲ್ಲ. ದೇವರು ಕೊಟ್ಟ, ದೇವರು ಒಯ್ದ ಅಂದರು. ಈ ಸಲ ಯಾರ ಬಾಯಿಂದಲೂ ಆ ಮಾತು ಬರಬಾರದು ಎಂದು ಹಲ್ಲು ಕಚ್ಚಿದ್ದೆ. ನನ್ನ ತಲೆಯಲ್ಲಿ ಬೇರೆ ಏನೂ ಇರಲಿಲ್ಲ.

ಗುಡಿಸಲು ಅಂದರೆ ಜೋಳದ ಕಣಿಕೆಯ ಗೋಡೆ, ಅದಕ್ಕೆ ಮಣ್ಣು ಸೆಗಣಿ ಮೆತ್ತಿದ್ದು, ಮೇಲೆ ಹುಲ್ಲು. ಚಳಿಗಾಲದಲ್ಲಿ ಹೊಳೆಯ ನೀರು ತಿಳಿಯಾಗಿ ಇಳಿದು ಮೀನು ಮಡುವಿಗೆ ಸೇರುತ್ತದೆ. ಆ ತಿಂಗಳುಗಳಲ್ಲಿ ಗಂಡಸರು ದಂಡೆಯಲ್ಲೇ ಬೀಡು ಬಿಡುತ್ತಿದ್ದರು, ಕೆಲವರ ಹೆಂಡಿರೂ ಜೊತೆಗಿರುತ್ತಿದ್ದರು. ಹಿಡಿದ ಮೀನು ಅಣೆಕಟ್ಟಿನ ಕ್ಯಾಂಪಿಗೆ ಹೋಗುತ್ತಿತ್ತು. ನಮ್ಮ ಕಡೆ ಚಳಿ ಎಲ್ಲಿ ಅನ್ನುವವರು ಪುಷ್ಯ ಮಾಸದಲ್ಲಿ ಬಂದು ಹೊಳೆಯ ಮೇಲಿಂದ ಬರುವ ಗಾಳಿಗೆ ಒದ್ದೆ ಸೀರೆಯಲ್ಲಿ ನಿಲ್ಲಲಿ, ಆಮೇಲೆ ಮಾತಾಡಲಿ.

ಆ ವರ್ಷ ಗುಡಿಸಲಿಗೆ ಎರಡು ಹೊಸ ಸಾಮಾನು ಬಂದಿದ್ದವು. ಒಂದು, ಹುಲ್ಲಿನ ಮೇಲೆ ಹೊದಿಸಿದ ತಾಡಪತ್ರಿ. ಕ್ಯಾಂಪಿನ ಹಳೆಯ ಲಾರಿಯದು, ಹನಿ ನೀರು ಸೋರದಂಥದ್ದು. ಇನ್ನೊಂದು, ಹಿತ್ತಾಳೆಯ ಪಂಪ್ ಸ್ಟೋವು. ಕ್ಯಾಂಪಿನಲ್ಲಿ ಅಡುಗೆ ಮಾಡುತ್ತಿದ್ದವನೊಬ್ಬ ಊರು ಬಿಡುವಾಗ ನನ್ನ ಗಂಡನಿಗೆ ಕೊಟ್ಟು ಹೋಗಿದ್ದ. ಚಿಮಣಿ ಎಣ್ಣೆ ಹಾಕಿ, ಬರ್ನರ್ ಕಾಯಿಸಿ, ಪಂಪು ಹೊಡೆದರೆ ಸುಂಯ್ ಎಂದು ನೀಲಿಯಾಗಿ ಉರಿಯುತ್ತಿತ್ತು. ನಮ್ಮ ದಂಡೆಯ ಐದಾರು ಗುಡಿಸಲುಗಳಲ್ಲಿ ಅಂಥದ್ದು ಯಾರ ಹತ್ತಿರವೂ ಇರಲಿಲ್ಲ. ಮಡುವಿನಿಂದ ನಡುಗುತ್ತ ಬಂದ ಗಂಡಸರು ಅದರ ಸುತ್ತ ಕೂತು ಕೈ ಕಾಯಿಸಿಕೊಳ್ಳುತ್ತಿದ್ದರು. ನಾನು ಹಡೆದ ಮೇಲೆ ಸ್ಟೋವು ಒಳಗೆ ಬಂತು, ಗಂಡಸರು ಹೊರಗೆ ಹೋದರು.

ಬಾಣಂತನ ಮಾಡಲು ಬಂದವಳು ಅತ್ತೆ. ಕೆಟ್ಟವಳಲ್ಲ. ಏಳು ಹಡೆದು ನಾಲ್ಕು ಉಳಿಸಿಕೊಂಡವಳು. ಬಾಣಂತಿಗೆ ಗಾಳಿ ತಾಗಬಾರದು ಎನ್ನುವುದು ಅವಳಿಗೆ ಉಸಿರಾಟದಷ್ಟೇ ಖಾತ್ರಿ. ಬಂದ ದಿನವೇ ಹರಿದ ಬಲೆಯನ್ನು ಉಂಡೆ ಮಾಡಿ ಗೋಡೆಯ ಸಂದುಗಳಲ್ಲಿ ತುರುಕಿದಳು. ಅದರ ಮೇಲೆ ಸೆಗಣಿ ಮೆತ್ತಿದಳು. ಬಾಗಿಲ ತಟ್ಟಿಗೆ ಗೋಣಿತಟ್ಟು ಹೊಲಿದಳು, ಗಾಳಿಗೆ ತೆರೆಯದಂತೆ ಹೊರಗಿನಿಂದ ಹಗ್ಗ ಬಿಗಿದಳು. ಮಾಡಿನಲ್ಲಿ ಹೊಗೆ ಹೋಗಲು ಒಂದು ಬೆಳಕಿಂಡಿ ಇತ್ತು. ಅದಕ್ಕೂ ಚೀಲ ತುರುಕಿ ಮೇಲೆ ತಾಡಪತ್ರಿ ಎಳೆಸಿದಳು.

"ಅತ್ತಿ, ಬೆಳಕಿಂಡಿ ಯಾಕ ಮುಚ್ತೀರಿ?" ಎಂದೆ.

"ಹೊಗಿ ಇದ್ರ ಬೆಳಕಿಂಡಿ ಬೇಕು. ಇದು ಹೊಗಿ ಇಲ್ಲದ ಒಲಿ. ಸುಮ್ನ ಮಲ್ಕೊ."

ನನಗೂ ಸರಿ ಎನಿಸಿತು. ಹೊಗೆ ಇಲ್ಲದಿದ್ದರೆ ಕಿಂಡಿ ಯಾಕೆ?

ಮೊದಲ ದಿನ ಸ್ಟೋವು ಉರಿಯಿತು, ಆರಿತು. ಎರಡನೆಯ ದಿನವೂ ಹಾಗೇ. ಹೊತ್ತಿಸಿದಾಗ ನೀಲಿ, ಆಮೇಲೆ ಹಳದಿ, ಆಮೇಲೆ ಕೆಂಪಗೆ ನಾಲಿಗೆ ಚಾಚಿ ಕಪ್ಪು ಕಾರುತ್ತಿತ್ತು. ಪಂಪು ಹೊಡೆದಷ್ಟೂ ಕುಂಯ್ ಕುಂಯ್ ಎಂದು ಮುಲುಗುತ್ತಿತ್ತು. ಅತ್ತೆ ಹೊರಗೆ ಒಯ್ದು ಮಗನ ಮುಂದೆ ಕುಕ್ಕಿದಳು.

"ಇದೇನ ನಿನ್ನ ಸಾಮಾನ? ಬಾಣಂತಿ ಮುಂದ ಸೋಗು ಮಾಡ್ತೈತಿ."

ನನ್ನ ಗಂಡ ಪಿನ್ನು ಹಾಕಿ ಚುಚ್ಚಿದ. ಎಣ್ಣೆಯಲ್ಲಿ ಕಸ ಇದೆ ಎಂದು ಧೋತರದ ಚುಂಗಿನಲ್ಲಿ ಸೋಸಿದ. ಪಂಪಿನ ಚರ್ಮದ ವಾಷರಿಗೆ ಎಣ್ಣೆ ಹಚ್ಚಿದ. ಹೊರಗೆ ಹೊತ್ತಿಸಿದ, ಚೊಕ್ಕವಾಗಿ ಉರಿಯಿತು. ಒಳಗೆ ಕೊಟ್ಟ. ಸ್ವಲ್ಪ ಹೊತ್ತಿಗೆ ಹಳದಿ.

ಮರುದಿನ ನಿಡಗುಂದಿಯಿಂದ ಸ್ಟೋವು ರಿಪೇರಿ ಮಾಡುವ ಕಾಕಾನನ್ನು ಕರೆಸಿದರು. ಸೈಕಲ್ಲಿನ ಹಿಂದೆ ತಗಡಿನ ಪೆಟ್ಟಿಗೆ ಕಟ್ಟಿಕೊಂಡು ಬಂದ ಮುದುಕ. ಜಾಲಿಗಿಡದ ಕೆಳಗೆ ಕೂತು ಸ್ಟೋವನ್ನು ಬಿಚ್ಚಿ, ಒಂದೊಂದು ಭಾಗವನ್ನೂ ಚಿಂದಿಯಲ್ಲಿ ಒರೆಸಿ, ನಿಪ್ಪಲ್ಲು ಹೊಸದು ಹಾಕಿ, ಹೊತ್ತಿಸಿದ. ನಾನು ಒಳಗಿಂದ ಕೇಳಿಸಿಕೊಳ್ಳುತ್ತಿದ್ದೆ.

"ನೋಡ್ರಿ ಅವ್ವಾರ, ಮದಲಗಿತ್ತಿ ಹಂಗ ನಗಾಕತ್ತೈತಿ."

ಅತ್ತೆ ಒಳಗೆ ತಂದಿಟ್ಟಳು. ಮದಲಗಿತ್ತಿ ಮುಖ ಊದಿಸಿಕೊಂಡಿತು. ಹೊರಗೆ ಒಯ್ದಳು, ಮತ್ತೆ ನಗು. ಮತ್ತೆ ಒಳಗೆ, ಮತ್ತೆ ಮುನಿಸು. ದಂಡೆಯ ಹೆಂಗಸರೆಲ್ಲ ಕೆಲಸ ಬಿಟ್ಟು ಬಂದು ನಿಂತಿದ್ದರು. ಕಾಕಾ ತಲೆ ಕೆರೆದುಕೊಂಡನಂತೆ.

"ಅವ್ವಾರ, ನನ್ನ ಕೈಯಾಗ ಏನೂ ತಪ್ಪಿಲ್ರಿ. ಒಳಗ ಹೆಂಗ ಇಟ್ಟೀರಿ, ನಾ ಒಂದೀಟ ಬಂದು ನೋಡ್ಲೇನ್ರಿ?"

"ಬಾಣಂತಿ ಖೋಲಿಗೆ ಗಂಡಸು ಬರ್ತೀಯಾ? ಹಲ್ಲು ಉದುರಸ್ತೇನಿ!"

"ಅಯ್ಯ, ಇದ್ದವ ನಾಕs ಹಲ್ಲು, ಅವನ್ನೂ ಯಾಕ ಕಳಕೊಳ್ಳಲಿ," ಎಂದು ಪೆಟ್ಟಿಗೆ ಕಟ್ಟಿಕೊಂಡು ಹೊರಟೇಬಿಟ್ಟ.

ಸ್ಟೋವು ಗೊತ್ತಿದ್ದವನಿಗೆ ಒಳಗೆ ಬರುವ ಹಾಗಿಲ್ಲ. ಒಳಗಿದ್ದ ನನಗೆ ಸ್ಟೋವು ಗೊತ್ತಿಲ್ಲ. ನನ್ನ ಗಂಡನೂ ಹೊಸ್ತಿಲು ದಾಟುವಂತಿರಲಿಲ್ಲ, ಮೈಲಿಗೆ.

ಆ ಮೈಲಿಗೆಯ ಮೇಲೆಯೇ ಅತ್ತೆ ತೀರ್ಪು ಕೊಟ್ಟಳು. ಹೊರಗೆ ಉರಿಯುತ್ತದೆ, ಬಾಣಂತಿಯ ಹತ್ತಿರ ಬಂದರೆ ಆರುತ್ತದೆ. ಅಂದ ಮೇಲೆ ಸ್ಟೋವಿಗೆ ಮೈಲಿಗೆ ತಾಳುವುದಿಲ್ಲ.

"ಬೆಂಕಿ ಅಂದ್ರ ದೇವರು. ಹಿತ್ತಾಳಿ ಒಳಗ ಕುಂತ್ರೂ ದೇವರs. ಇಕಿ ಹೊಲಸಿಗೆ ತಡೀವಲ್ದು," ಎಂದು ಹೊರಗಿನವರಿಗೆ ಹೇಳಿದಳು.

"ಅವ್ವ ಹೇಳೂದ್ರಾಗೂ ಐತಿ," ಎಂದ ನನ್ನ ಗಂಡ. ಅವನಿಗೆ ಯಾವಾಗಲೂ ಯಾರಾದರೂ ಹೇಳುವುದರಲ್ಲಿ ಏನಾದರೂ ಇರುತ್ತಿತ್ತು.

ನನಗೆ ಸಿಟ್ಟು ಬಂತು. ಒಲೆಗೂ ನಾನು ಹೇಸಿಗೆಯಾದೆನೇ ಎಂದು. ಆದರೆ ಆ ಹೊತ್ತಿಗೆ ನನಗೆ ಮಾತಾಡುವ ತ್ರಾಣ ಇರಲಿಲ್ಲ. ಎರಡು ದಿನದಿಂದ ತಲೆ ಸಿಡಿಯುತ್ತಿತ್ತು. ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಕುಡಿದ ಗಂಜಿ ನಿಲ್ಲುತ್ತಿರಲಿಲ್ಲ. ಬಾಣಂತಿ ವಾತ ಎಂದು ಅತ್ತೆ ಓಮಿನ ಕಷಾಯ ಕುಡಿಸಿದಳು. ಅದನ್ನೂ ಕಕ್ಕಿದೆ. ಬಯಲಕಡೆಗೆ ಎಂದು ಕಿವಿಗೆ ಬಟ್ಟೆ ಕಟ್ಟಿ ನನ್ನನ್ನು ಹೊರಗೆ ಕರೆದುಕೊಂಡು ಹೋಗುತ್ತಿದ್ದಳಲ್ಲ, ಆಗ ಮಾತ್ರ ತಲೆ ಹಗುರಾಗುತ್ತಿತ್ತು. ತಿರುಗಿ ಬಂದು ಮಲಗಿದರೆ ಮತ್ತೆ ಅದೇ.

ಸ್ಟೋವು ಆಗಲಿಲ್ಲವೆಂದು ಅತ್ತೆ ಇದ್ದಿಲು ತಂದಳು. ಕ್ಯಾಂಪಿನ ಕಮ್ಮಾರನ ಕುಲುಮೆಯದು. ಕಾಂಕ್ರೀಟು ಹೊರುವ ಕಬ್ಬಿಣದ ಬುಟ್ಟಿಯಲ್ಲಿ ಹೊರಗೇ ಹೊತ್ತಿಸಿ, ಹೊಗೆಯೆಲ್ಲ ಹೋಗಿ ನಿಗಿನಿಗಿ ಕೆಂಡವಾದ ಮೇಲೆ ತಂದು ನಾನು ಮಲಗುವ ಹೊರಸಿನ ಬುಡಕ್ಕೆ ಸರಿಸಿದಳು. ಬಾಣಂತಿಯ ಹೊರಸಿನ ಕೆಳಗೆ ಕೆಂಡ ಇಡುವುದು ನಮ್ಮಲ್ಲಿ ಹೊಸದೇನಲ್ಲ. ಅತ್ತೆಗೂ ಇಟ್ಟಿದ್ದರು, ನನ್ನ ಅವ್ವನಿಗೂ ಇಟ್ಟಿದ್ದರು. ಅವರ ಮನೆಗಳ ಮಾಡಿನಲ್ಲಿ ಬೆಕ್ಕು ನುಗ್ಗುವಷ್ಟು ಸಂದುಗಳಿದ್ದವು, ಅಷ್ಟೇ ವ್ಯತ್ಯಾಸ.

ಕೆಂಡ ಚೆನ್ನಾಗಿ ಕಾವು ಕೊಟ್ಟಿತು. ಕೂಸಿನ ಮುಖ ಕೆಂಪಗಾಯಿತು. ಅತ್ತೆ ಹಿಗ್ಗಿದಳು.

"ನೋಡು, ಕಾವು ಹತ್ತೇತಿ. ಹೆಂಗ ಬಣ್ಣ ಬಂದೈತಿ! ಅಕಿ ಮಗಾ ಕರ್ರಗೈತಿ, ಇದು ಗುಲಾಬಿ ಹೂ."

ಅಕಿ ಅಂದರೆ ನನ್ನ ನೆಗೆಣ್ಣಿ. ನನಗೂ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಅದರ ಮರುದಿನ ಕೂಸಿಗೂ ನನಗೂ ಎರೆದಳು. ಕೆಂಡ ಹೊಸದು ಹಾಕಿದಳು. ಸ್ಟೋವನ್ನೂ ಒಂದು ಮೂಲೆಯಲ್ಲಿ ಹೊತ್ತಿಸಿಟ್ಟಳು, ದೇವರ ಮನಸ್ಸು ತಿರುಗಿದ್ದರೆ ಉರಿಯಲಿ ಎಂದು. ಬಾಗಿಲು ಎಳೆದು ಹಗ್ಗ ಬಿಗಿದು ಹೊರಗೆ ಮೀನು ಕೊಯ್ಯಲು ಕೂತಳು. ಮಧ್ಯಾಹ್ನದ ಹೊತ್ತು. ನಾನು ಕೂಸಿಗೆ ಮೊಲೆ ಕೊಟ್ಟೆ. ಕಚ್ಚಲಿಲ್ಲ. ಗಲ್ಲ ತಟ್ಟಿದೆ, ಅಂಗಾಲು ಚಿವುಟಿದೆ. ಅಳಲಿಲ್ಲ. ಎತ್ತಿದರೆ ಕುತ್ತಿಗೆ ಒದ್ದೆ ಬಟ್ಟೆಯ ಹಾಗೆ ಹಿಂದಕ್ಕೆ ಬಿತ್ತು. ಮುಖ ಮಾತ್ರ ಗುಲಾಬಿ ಹೂವೇ.

ಮೂಲೆಯಲ್ಲಿ ಸ್ಟೋವು ಹಳದಿಯಾಗಿ, ಕೆಂಪಾಗಿ, ಆರಿತು.

ಆಗ ಹೊಳೆಯಿತು. ಯಾರೂ ಹೇಳಿಕೊಟ್ಟದ್ದಲ್ಲ. ನನಗೂ ಈ ಸ್ಟೋವಿಗೂ ಒಂದೇ ರೋಗ. ಹೊರಗೆ ಹೋದರೆ ಇಬ್ಬರೂ ನೆಟ್ಟಗಾಗುತ್ತೇವೆ, ಒಳಗೆ ಬಂದರೆ ಸಾಯುತ್ತೇವೆ. ನನ್ನ ಮೈಲಿಗೆಗೆ ಸ್ಟೋವು ಆರುವುದಾದರೆ ನನ್ನ ತಲೆ ಯಾರ ಮೈಲಿಗೆಗೆ ಸಿಡಿಯುತ್ತದೆ? ಇದು ಗಾಳಿ ಮುಚ್ಚಿದ ಗುಡಿಸಲಿನ ಕೆಲಸ.

"ಅತ್ತಿ! ಬಾಗಲಾ ತಗೀರಿ!"

"ಈಗರೆ ಬಯಲಕಡಿ ಹೋಗಿ ಬಂದೀದಿ. ತಡಕೊ."

"ಕೂಸು ಮೊಲಿ ಹಿಡೀವಲ್ದು. ತಗೀರಿ!"

"ನಿದ್ದಿ ಹತ್ತೇತಿ ಅದಕ್ಕ. ಎರದ ಕೂಸು ಮಲಗೂದಿಲ್ಲೇನು? ಹೊರಗ ಗಾಳಿ ನೋಡಿಲ್ಲಿ, ಎಮ್ಮಿ ಹಾರಿ ಹೋಗಾಕತ್ತಾವು. ಬಾಗಲಾ ತಗಿಯಾಂಗಿಲ್ಲ."

ಎದ್ದು ನಿಂತೆ, ಮೊಣಕಾಲು ಕುಸಿದವು. ನೆಲದ ಮೇಲೆ ಕೂತೆ. ಬಾಣಂತಿಯ ತಲೆದಿಂಬಿನ ಕೆಳಗೆ ಕುಡಗೋಲು ಇಡುತ್ತಾರೆ, ಕಬ್ಬಿಣ ಕಂಡರೆ ದೆವ್ವ ಬರುವುದಿಲ್ಲ ಎಂದು. ಅತ್ತೆಯೇ ಇಟ್ಟದ್ದು. ಅದನ್ನು ಎಳೆದುಕೊಂಡೆ. ಕೂಸನ್ನು ಸೆರಗಿನಲ್ಲಿ ಕಟ್ಟಿಕೊಂಡು ತೆವಳುತ್ತ ಬಾಗಿಲಿಗೆ ಹೋದೆ. ತಟ್ಟಿಯ ಸಂದಿನಲ್ಲಿ ಕುಡಗೋಲು ತೂರಿಸಿ ಹಗ್ಗ ಕೊಯ್ದೆ. ಹೊಸ ಹಗ್ಗ, ಬಲೆಗೆ ಹೊಸೆದದ್ದು. ಬೇಗ ಹರಿಯಲಿಲ್ಲ. ಕೊಯ್ಯುತ್ತಲೇ ಬಾಯಿಗೆ ಬಂದದ್ದೆಲ್ಲ ಬೈದೆ, ಗಂಡನ ಮನೆಯವರ ಏಳು ತಲೆಮಾರು ಒಬ್ಬರನ್ನೂ ಬಿಡಲಿಲ್ಲ.

ತಟ್ಟಿ ಬಿತ್ತು. ನಾನೂ ಅದರ ಮೇಲೆ ಬಿದ್ದೆ.

ಅತ್ತೆ ಮೀನು ಕೊಯ್ಯುವ ಈಳಿಗೆ ಬಿಟ್ಟು ಎದ್ದಳು. "ಅಯ್ಯಯ್ಯ, ಹುಚ್ಚಿ! ತಲಿಮ್ಯಾಲೆ ಸೆರಗಿಲ್ಲ, ಕೂಸಿಗೆ ಕುಂಚಿಗಿ ಇಲ್ಲ! ಸತ್ತೀಯ, ಒಳಗ ನಡಿ!"

"ಒಳಗ ಸಾಯೂಕಿಂತ ಹೊರಗ ಸಾಯ್ತೇನಿ, ಬಿಡ್ರಿ."

ಆಕೆ ತೋಳು ಹಿಡಿದು ಎಳೆದಳು. ನಾನು ಕುಡಗೋಲು ಎತ್ತಿದೆ. ಹೊಡೆಯಲು ಎತ್ತಿದ್ದಲ್ಲ, ಆದರೆ ಇಳಿಸಲೂ ಇಲ್ಲ. ಕೈ ಬಿಟ್ಟಳು.

ದಂಡೆಯಲ್ಲಿ ನಮ್ಮ ಹರಿಗೋಲು ಬೋರಲು ಬಿದ್ದಿತ್ತು. ಅದರ ಮರೆಗೆ ಹೋಗಿ ಗಾಳಿಗೆ ಬೆನ್ನು ಕೊಟ್ಟು ಕೂತೆ. ಕೂಸನ್ನು ಮೈಗೆ ಒತ್ತಿಕೊಂಡು ಬೆನ್ನು ಉಜ್ಜಿದೆ. ಉಜ್ಜಿದೆ. ಉಜ್ಜಿದೆ. ಸುತ್ತ ಹೆಂಗಸರು ನೆರೆದರು. ಬಾಣಂತಿ ಸನ್ನಿ ಎಂದಳು ಒಬ್ಬಳು. ದೆವ್ವ ಬಡಕೊಂಡೈತಿ ಎಂದಳು ಇನ್ನೊಬ್ಬಳು. ನಾನು ಯಾರ ಮುಖವನ್ನೂ ನೋಡಲಿಲ್ಲ.

ಕೂಸು ಸೀನಿತು. ಒಮ್ಮೆ ಮುಖ ಕಿವುಚಿತು. ಆಮೇಲೆ ಬಾಯಿ ತೆರೆದು ಅತ್ತಿತು ನೋಡಿ, ಹೊಳೆಯ ಆಚೆ ದಂಡೆಗೆ ಕೇಳಬೇಕು ಹಾಗೆ. ಮೊಲೆ ಬಾಯಿಗಿಟ್ಟೆ. ಕಚ್ಚಿತು. ನೋವಾಗುವ ಹಾಗೆ ಕಚ್ಚಿತು. ಕಚ್ಚು ನನ್ನವ್ವ ಎಂದೆ.

ಅಷ್ಟರಲ್ಲಿ ನನ್ನ ಗಂಡ ಬಲೆ ಬಿಟ್ಟು ಓಡಿ ಬಂದ. ಅತ್ತೆ ಅವನ ಮುಂದೆ ಎದೆ ಬಡಿದುಕೊಂಡಳು. "ನಿನ್ನ ಹೇಂತಿ ನನ್ನ ಮ್ಯಾಲೆ ಕುಡಗೋಲ ಎತ್ಯಾಳ! ಗಾಳ್ಯಾಗ ಕೂಸಿನ್ನ ಕೊಲ್ಲಾಕ ಕುಂತಾಳ!"

"ಏ, ಒಳಗ ನಡಿ," ಎಂದ ಅವನು ನನಗೆ.

"ಹೋಗ್ತೇನಿ. ಮೊದಲ ನಿಮ್ಮವ್ವ ಹೋಗಿ ಕುಂಡ್ರಲಿ. ಕೆಂಡಾ ಒಳಗs ಐತಿ. ತಟ್ಟಿ ಎತ್ತಿ ಕಟ್ರಿ, ಹಗ್ಗಾ ಬಿಗೀರಿ. ನಾ ಕುಂತಷ್ಟು ಹೊತ್ತು ಅವರು ಕುಂಡ್ರಲಿ. ನಗ್ತಾ ಹೊರಗ ಬಂದ್ರ ನಾ ತಿಂಗಳಗಟ್ಲೆ ಆ ಗೂಡಿನ್ಯಾಗ ಇರ್ತೇನಿ, ಪಿಟ್ಟ ಅನ್ನೂದಿಲ್ಲ."

ಎಲ್ಲರೂ ಅತ್ತೆಯ ಮುಖ ನೋಡಿದರು. ಅವಳು ಹಿಂಜರಿಯುವವಳಲ್ಲ. ಸೀರೆ ಕಚ್ಚೆ ಬಿಗಿದು, "ಏಳು ಬಾಣಂತನಾ ಕೆಂಡದ ಮ್ಯಾಲ ಮಾಡೇನಿ, ಇದ್ಯಾವ ದೊಡ್ಡದು!" ಎಂದು ಒಳಗೆ ಹೋದಳು. ನನ್ನ ಗಂಡ ತಟ್ಟಿ ನಿಲ್ಲಿಸಿದ. ಹಗ್ಗ ಬಿಗಿಯಲಿಲ್ಲ, ಅವ್ವನಲ್ಲವೇ.

ಕೂಸು ಒಂದು ಮೊಲೆ ಮುಗಿಸಿ ಇನ್ನೊಂದು ಹಿಡಿಯಿತು. ಒಳಗಿಂದ ಮೊದಲು ಹಾಡು ಕೇಳಿಸಿತು, ನನಗೆ ಕೇಳಲಿ ಎಂದು. ಆಮೇಲೆ ಹಾಡು ನಿಂತಿತು. ಆಮೇಲೆ ಕೆಮ್ಮು. ಆಮೇಲೆ ತಟ್ಟಿ ಧಡ್ ಎಂದು ಬಿತ್ತು, ಅತ್ತೆ ಹಣೆ ಹಿಡಿದುಕೊಂಡು ಹೊರಗೆ ಬಂದು ನೆಲಕ್ಕೆ ಕೂತಳು.

"ಏನಾತವ್ವ?" ಎಂದ ನನ್ನ ಗಂಡ.

"ಏನಾಗಾಕ? ಕೊಯ್ದ ಮೀನಾ ಬಿಟ್ಟು ಬಂದಿದ್ದೆ. ಬೆಕ್ಕು ಒಯ್ದೀತು ಅಂತ ಬಂದೆ."

ಬೆಕ್ಕು ಎಲ್ಲೂ ಇರಲಿಲ್ಲ. ಹೆಂಗಸರು ಸೆರಗು ಬಾಯಿಗೆ ಹಿಡಿದರು. ನಾನು ನಗಲಿಲ್ಲ, ನಗುವ ಹೊತ್ತಾಗಿರಲಿಲ್ಲ.

"ಬೆಳಕಿಂಡಿ ತಗೀರಿ," ಎಂದೆ ಗಂಡನಿಗೆ. "ಕೆಂಡಾ ಹೊರಗ ಒಗೀರಿ. ಸ್ಟೋ ಒಳಗ ಹಚ್ಚಿಡ್ರಿ."

"ಮೈಲಿಗಿ ಖೋಲಿಗೆ ನಾ ಹೆಂಗ..."

"ಹಂಗಾರ ನಾನs ಮಾಡ್ತೇನಿ, ಕೂಸಿನ್ನ ನೀವು ಹಿಡೀರಿ. ಇದೂ ಮೈಲಿಗೀನ."

ಎರಡರಲ್ಲಿ ಕೂಸು ಹಿಡಿಯುವುದೇ ಅವನಿಗೆ ಹೆಚ್ಚು ಹೆದರಿಕೆ. ಒಳಗೆ ಹೋಗಿ ಕೆಂಡದ ಬುಟ್ಟಿಯನ್ನು ದರದರ ಎಳೆದು ಹೊಳೆಗೆ ಸುರಿದ. ಮಾಡು ಹತ್ತಿ ತಾಡಪತ್ರಿ ಮಡಚಿ, ಚೀಲ ಕಿತ್ತು ಹಾಕಿದ. ಸ್ಟೋವನ್ನು ಅದೇ ಮೂಲೆಯಲ್ಲಿ ಹೊತ್ತಿಸಿದ. ತಟ್ಟಿಯನ್ನು ಒಂದು ಗೇಣು ಬಿಟ್ಟು ನಿಲ್ಲಿಸಲು ಹೇಳಿದೆ. ನಾನು ಒಳಗೆ ಹೋಗಿ ಹೊರಸಿನ ಮೇಲೆ ಕೂತೆ. ಹೊತ್ತು ಇಳಿಯುವವರೆಗೆ ಸ್ಟೋವು ನೀಲಿಯಾಗಿಯೇ ಉರಿಯಿತು. ಬಾಣಂತಿ ಪಕ್ಕದಲ್ಲೇ, ಮೈಲಿಗೆ ಪಕ್ಕದಲ್ಲೇ. ಚಳಿ ಇತ್ತು. ಇರಲಿ. ಚಳಿಗೆ ಕಂಬಳಿ ಇದೆ.

ಅತ್ತೆ ಹೊಸ್ತಿಲಲ್ಲಿ ನಿಂತು ಬಹಳ ಹೊತ್ತು ಆ ಉರಿಯನ್ನು ನೋಡಿದಳು. ತಪ್ಪಾಯಿತು ಎಂದಾಳೆಂದು ನಾನೇನೂ ಕಾಯಲಿಲ್ಲ.

"ಮೈಲಿಗಿ ಮುಟ್ಟಿ ಮುಟ್ಟಿ ಅದಕ್ಕೂ ರೂಢಿ ಆಗೈತಿ," ಎಂದಳು. "ದೇವರಾದ್ರೂ ಎಷ್ಟ ದಿನಾ ಸಿಟ್ಟಿಲೆ ಇರ್ತಾನ. ಇನ್ನ ಚಿಂತಿಲ್ಲ. ನಾಳೆ ನಿಮ್ಮಿಬ್ಬರಿಗೂ ಎರದು ಬೆಳಕಿಂಡಿ ಮುಚ್ತೇನಿ."

"ಮುಚ್ಚಿ ನೋಡ್ರಿ," ಎಂದೆ.

"ಏನ್ ಮಾಡ್ತಿ? ಮತ್ತ ಕುಡಗೋಲ ಎತ್ತೀಯೇನು?"

"ಎತ್ತೂದ್ಯಾಕ? ದಿಂಬಿನ ಬುಡಕ ನೀವs ಇಟ್ಟೀರಿ. ಅಲ್ಲೇ ಐತಿ."

ಅತ್ತೆ ಹೋಗಿ ಬೆಳ್ಳುಳ್ಳಿ ಸುಟ್ಟು ರೊಟ್ಟಿಯ ಜೊತೆ ತಂದು ನನ್ನ ಮುಂದೆ ಇಟ್ಟಳು. ಗಂಗಾಳವನ್ನು ಕುಕ್ಕಿಯೇ ಇಟ್ಟಳು, ಆದರೆ ತುಪ್ಪ ಹೆಚ್ಚಿಗೆ ಹಾಕಿದ್ದಳು. ನಾನು ಎಲ್ಲ ತಿಂದೆ. ನಿಂತಿತು, ಕಕ್ಕಲಿಲ್ಲ.

ಕೆಂಡದಲ್ಲಿ ಏನಿರುತ್ತದೆ, ಮುಚ್ಚಿದ ಕೋಣೆಯಲ್ಲಿ ಏನಾಗುತ್ತದೆ, ನನಗೆ ಇಂದಿಗೂ ಪೂರ್ತಿ ತಿಳಿಯದು. ತಿಳಿದವರು ಹೇಳಲಿ. ನಾಲ್ಕು ಅಕ್ಷರ ಕೂಡಿಸಿ ಬರೆಯುವುದನ್ನು ನನಗೆ ಕಲಿಸಿದವಳು ಆ ಕೂಸೇ. ಅದು ಬೆಳೆದು ಹಡೆದು, ಅದರ ಬಾಣಂತನವನ್ನು ನಾನು ಮಾಡುವಾಗ ಓಣಿಯ ಹೆಂಗಸರೆಲ್ಲ ಬಾಗಿಲು ತೆರೆದಿಟ್ಟಿದ್ದಾಳೆ ಎಂದು ಆಡಿಕೊಂಡರು. ಆಡಿಕೊಳ್ಳಲಿ ಎಂದು ಬಿಟ್ಟೆ.

ಆದರೆ ಆ ದಿನಗಳ ಮಾತು ಇನ್ನೂ ಒಂದಿದೆ. ಅತ್ತೆ ಹೇಳಿದಳೆಂದರೆ ಮಾಡುವವಳು. ಮಡಚಿದ ತಾಡಪತ್ರಿ ಮಾಡಿನ ಮೇಲೆಯೇ ಇತ್ತು, ಒಂದು ಸಲ ಎಳೆದರೆ ಮುಗಿಯಿತು. ಮರುದಿನ ಮುಂಜಾನೆ ಅವಳು ಎರೆಯುವ ನೀರಿಗೆಂದು ಹೊಳೆಗೆ ಇಳಿದಾಗ ನಾನು ಹೊರಸಿನ ಮೇಲೆ ಹತ್ತಿ ನಿಂತೆ. ಬೆಳಕಿಂಡಿಯಿಂದ ಕೈ ಹೊರಗೆ ಹಾಕಿ ತಾಡಪತ್ರಿಯನ್ನು ಎಳೆದುಕೊಂಡು, ಕಿಂಡಿಯ ಮೇಲೆ ಬರುವಷ್ಟು ತುಂಡನ್ನು ಕುಡಗೋಲಿನಿಂದ ಕೊಯ್ದು ತೆಗೆದೆ. ಇನ್ನು ಎಷ್ಟು ಎಳೆದರೂ ಅಲ್ಲಿ ತೂತೇ ಬರಬೇಕು. ಆಮೇಲೆ ಕೆಳಗಿಳಿದು, ಆ ತುಂಡನ್ನು ಒರೆಸಿ, ಉಚ್ಚೆ ಕೆಳಗಿಳಿಯದಂತೆ ಕೂಸಿನ ಹಾಸಿಗೆಯ ಬುಡಕ್ಕೆ ಹಾಸಿ, ಅದರ ಮೇಲೆ ಕೂಸನ್ನು ಮಲಗಿಸಿದೆ.